ಕರಿಸೀರೆಯ ಮೇಲೆ ನಾಲ್ಕು ಬಣ್ಣ

ಗದಗ ಎಂದರೆ ಹೊರಗಿನವರಿಗೆ ನೆನಪಾಗುವುದು ವೀರನಾರಾಯಣ, ಕುಮಾರವ್ಯಾಸ, ಪುಟ್ಟರಾಜ ಗವಾಯಿಗಳು. ಬೆಟಗೇರಿ ಎಂದರೆ ಮಗ್ಗ. ಬಣ್ಣದ ಮಾತು ಬಂದಾಗ ಮಾತ್ರ ನಮ್ಮ ಸೀಮೆ ಯಾರಿಗೂ ನೆನಪಾಗುವುದಿಲ್ಲ. ಆಗಬೇಕಾದ ಕಾರಣವೂ ಇಲ್ಲವೆನ್ನಿ. ಸುತ್ತಲೂ ಎರೆನೆಲ, ಬೇಸಿಗೆಯಲ್ಲಿ ಒಣಗಿ ಬೂದುಗಟ್ಟುವ ಕಪ್ಪತಗುಡ್ಡ. ಆದರೆ ಇಲ್ಲಿನ ಹೆಣ್ಣುಮಕ್ಕಳು ಬಣ್ಣವನ್ನು ಎಳೆ ಎಣಿಸಿ ಬಳಸಿದವರು, ಹರಿದ ಮೇಲೂ ಬಿಸಾಡದೆ ಇಟ್ಟುಕೊಂಡವರು.

ಒಂದು ಕಾಲಕ್ಕೆ ಬಣ್ಣ ಸುಲಭವಾಗಿ ಸಿಗುವ ವಸ್ತುವಾಗಿರಲಿಲ್ಲ. ಕೆಂಪಿಗೆ ಸುರಂಜಿ ಗಿಡದ ಬೇರು ಅಗೆಯಬೇಕಿತ್ತು. ನೀಲಿಗೆ ನೀಲಗಾರರ ಹರವಿಯೇ ಗತಿ. ಅಡ್ಡಹೆಸರಾಗಿ 'ನೀಲಗಾರ' ಇಂದಿಗೂ ನಮ್ಮ ಕಡೆ ಉಳಿದಿದೆ. ಸುಣ್ಣ ಬೆರೆಸಿ ಹುಳಿ ಬರಿಸಿದ ನೀಲಿಯಲ್ಲಿ ಅದ್ದಿ ತೆಗೆದಾಗ ನೂಲು ಮೊದಲು ಹಳದಿ-ಹಸಿರಾಗಿರುತ್ತದೆ. ಗಾಳಿ ತಾಗುತ್ತ ಹೋದಂತೆ ಕಣ್ಣೆದುರಿಗೇ ನೀಲಿಗೆ ತಿರುಗುತ್ತದೆ. ಮತ್ತೆ ಮತ್ತೆ ಅದ್ದಿದರೆ ಕಪ್ಪಿಗೆ ಹತ್ತಿರವಾಗುತ್ತದೆ. ಹಾಗೆ ಕಪ್ಪಾದ ಸೀರೆಯೇ ಚಂದ್ರಕಾಳಿ, ಮದುಮಗಳ ಸೀರೆ. 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಕೃತಕ ಕೆಂಪನ್ನು ತಯಾರಿಸಿದರು. 1897ರಲ್ಲಿ ಅಲ್ಲಿಯದೇ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಆಮೇಲೆ ಬೇರು ಅಗೆಯುವವರೂ ಹರವಿ ಹೂಡುವವರೂ ಕಡಿಮೆಯಾದರು, ಪುಡಿಬಣ್ಣ ಬಂತು. ಇದನ್ನು ಬರೀ ನಷ್ಟವೆಂದು ಬರೆಯುವುದು ಈಗಿನ ರೂಢಿ. ನನಗೆ ಹಾಗನ್ನಿಸುವುದಿಲ್ಲ. ಬಡವರ ಮನೆಗೆ ಬಣ್ಣ ಬಂದಿದ್ದೂ ಆ ಪುಡಿಯಿಂದಲೇ.

ಚಂದ್ರಕಾಳಿಯ ಕರಿ ನೆಲದ ಮೇಲೆ ಕಸೂತಿ. ಕೆಂಪು, ಕಿತ್ತಳೆ, ಹಸಿರು, ನೇರಳೆ, ಹೆಚ್ಚಿನ ಸೀರೆಗಳಲ್ಲಿ ಇಷ್ಟೇ ಬಣ್ಣ. ಹೊಲಿಗೆಯೂ ನಾಲ್ಕೇ: ಗವಂತಿ, ಮುರಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವಂತಿಲ್ಲ, ನೂಲಿಗೆ ಗಂಟು ಹಾಕುವಂತಿಲ್ಲ. ತಾನಿನ ಎಳೆ, ಹೊಕ್ಕಿನ ಎಳೆ ಎಣಿಸುತ್ತ ಹೋಗಬೇಕು. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದರಂತೆ ಹೋಗಿ, ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ವಾಪಸಾಗುತ್ತದೆ. ಮುಗಿದ ಮೇಲೆ ಮುಂಬದಿ ಯಾವುದು, ಹಿಂಬದಿ ಯಾವುದು ಎಂದು ಹೇಳಲು ಬರುವುದಿಲ್ಲ. ಮುರಗಿಯದೂ ಅದೇ ಗುಣ, ಆದರೆ ಮೆಟ್ಟಿಲಿನ ಹಾಗೆ ಏರುತ್ತದೆ. ನೇಗಿ ನೇಯ್ದಂತೆ ಕಾಣುತ್ತದೆ. ಮೆಂತಿ ಕಾಳು ಚೆಲ್ಲಿದಂತಿರುವ ಅಡ್ಡಹೊಲಿಗೆ. ನೂಲು ಬಹಳ ತಿನ್ನುವುದರಿಂದ ಜಿಪುಣರಿಗೆ ಹೇಳಿದ್ದಲ್ಲ. ನಮ್ಮ ಆಯಿ ಅದನ್ನು ಹಾಕುತ್ತಲೇ ಇರಲಿಲ್ಲ. ಹರಿದ ಸೆರಗಿನಿಂದ ರೇಷ್ಮೆ ಎಳೆ ಬಿಡಿಸಿ, ಬೆರಳಿಗೆ ಸುತ್ತಿ, ಬಿಸ್ಕೀಟಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿದ ಮೇಲೆ ಆ ಡಬ್ಬಿ ತೆರೆಯುತ್ತಿತ್ತು. ಎಣಿಸುವಾಗ ಯಾರೂ ಮಾತಾಡಿಸುವಂತಿರಲಿಲ್ಲ. ದಿನದಲ್ಲಿ ಅವಳನ್ನು ಯಾರೂ ಕರೆಯದ ಹೊತ್ತು ಅದೊಂದೇ.

ಚಿತ್ರಗಳೆಲ್ಲ ಊರಿನವೇ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನವಿಲು, ಪಲ್ಲಕ್ಕಿ, ತೊಟ್ಟಿಲು. ದೊಡ್ಡವು ಸೆರಗಿನ ಹತ್ತಿರ, ದೂರ ಸರಿದಂತೆ ಸಣ್ಣವು. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಗೋಡೆ ನೋಡಿದವರಿಗೆ ಕಸೂತಿಯ ಮೆಟ್ಟಿಲು ಮೆಟ್ಟಿಲಾದ ಗೋಪುರ ಹೊಸದೆನ್ನಿಸುವುದಿಲ್ಲ. ಗುಡಿಯಿಂದಲೇ ಸೀರೆಗೆ ಇಳಿಯಿತು ಎಂದು ನಾನು ವಾದಿಸುವುದಿಲ್ಲ. ಎರಡನ್ನೂ ನೋಡುತ್ತಿದ್ದ ಕಣ್ಣು ಒಂದೇ, ಅಷ್ಟು ಸಾಕು.

ನಕಾಶೆ ನೋಡಿದರೆ ಇನ್ನೊಂದು ವಿಚಿತ್ರ. ಸ್ವಾತಂತ್ರ್ಯಕ್ಕೆ ಮೊದಲು ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಮುಂಡರಗಿಯ ಹುಡುಗಿಯನ್ನು ಶಿರಹಟ್ಟಿಗೆ ಕೊಟ್ಟರೆ ಅವಳ ಸರಕಾರವೇ ಬದಲಾಗುತ್ತಿತ್ತು, ಸೀರೆಯ ಮೇಲಿನ ತೇರು ಬದಲಾಗುತ್ತಿರಲಿಲ್ಲ. ತವರಿನ ನಮೂನೆ ಗಂಡನ ಮನೆಯ ಓಣಿಯಲ್ಲಿ ಕೈಯಿಂದ ಕೈಗೆ ದಾಟುತ್ತಿತ್ತು. ಈ ಊರುಗಳೆಲ್ಲ ಒಂದೇ ಜಿಲ್ಲೆಯೆಂದು ಸರಕಾರ ಒಪ್ಪಿ ಗದಗ ಜಿಲ್ಲೆ ಮಾಡಿದ್ದು 1997ರಲ್ಲಿ. ಹೆಂಗಸರು ಅದನ್ನು ಎಂದೋ ಹೊಲಿದಿಟ್ಟಿದ್ದರು.

ಈಗ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಕೂಲಿಗೆ ಹಾಕುವವರೂ ಇದ್ದಾರೆ. ಒಳ್ಳೆಯದೇ. ಕಣ್ಣು ಸವೆಸಿದ್ದಕ್ಕೆ ದುಡ್ಡು ಬರಬೇಕು. ಆದರೆ ಸಂತೋಷಕ್ಕೆಂದು ಹಾಕುವ ಕಸೂತಿಯ ಲೆಕ್ಕ ಯಾವ ದಾಖಲೆಯಲ್ಲೂ ಸಿಗದು. ನೇಕಾರರ ಮಗ್ಗಗಳನ್ನು ಎಣಿಸಿದವರಿದ್ದಾರೆ, ಆಯಿಯ ಮಧ್ಯಾಹ್ನಗಳನ್ನು ಯಾರು ಎಣಿಸಿಯಾರು?

ಸೀರೆ ಪಿಸಿದ ಮೇಲೆ ಅದರ ಬಣ್ಣ ಕೌದಿಗೆ ಹೋಗುತ್ತದೆ. ಮನೆಯವರು ತಾವೇ ಹೊಲಿಯುತ್ತಾರೆ, ಇಲ್ಲವೆ ಮನೆ ಮನೆಗೆ ಬಂದು ಹೊಲಿದುಕೊಡುವ ಹೆಣ್ಣುಮಕ್ಕಳಿಗೆ ಜೋಳ ಅಳೆದು ಕೊಡುತ್ತಾರೆ. ಹಸಿರು ತುಂಡಿನ ಪಕ್ಕ ಕೆಂಪು, ಕೆಂಪಿನ ಪಕ್ಕ ಅಣ್ಣನ ಹಳೆಯ ಅಂಗಿ. ಹೊಂದಿಕೆ ನೋಡುವ ಹಂಗಿಲ್ಲ, ಆದರೂ ಹೊಂದಿರುತ್ತದೆ. ಮುಚ್ಚಿ ಹೊಲಿಯುವ ಮೊದಲು ನಮ್ಮ ಮನೆಯಲ್ಲಿ ಒಂದು ತುತ್ತು ಹೋಳಿಗೆ ಒಳಗಿಡುವುದುಂಟು. ಕೌದಿ ಹಸಿದಿರಬಾರದಂತೆ.

ಆಯಿ ತೀರಿಕೊಂಡ ಮೇಲೆ ಅವಳ ಚಂದ್ರಕಾಳಿ ಟ್ರಂಕಿನಲ್ಲೇ ಇತ್ತು. ಹೋದ ವರ್ಷ ತೆರೆದಾಗ ಮಡಿಕೆಯ ಗೆರೆಗಳಲ್ಲೆಲ್ಲ ಸೀಳಿತ್ತು. ಸೆರಗಿನ ಗೋಪುರ ಮಾತ್ರ ಗಟ್ಟಿಯಾಗಿತ್ತು. ತಂಗಿ ಅದನ್ನು ಕತ್ತರಿಸಿ ಗಾಜಿನ ಕಟ್ಟು ಹಾಕಿಸೋಣವೆಂದಳು. ಮಾರಿದರೆ ಸಾವಿರಗಟ್ಟಲೆ ಬರುತ್ತದೆಂದು ಯಾರೋ ಅವಳಿಗೆ ಹೇಳಿದ್ದರು. ನಾನೂ ಅವಳ ಪರವೇ ಇದ್ದೆ, ಇತಿಹಾಸದ ಹುಚ್ಚು ನನ್ನದು. ಅವ್ವ ಕತ್ತರಿ ಹುಡುಕುತ್ತಲೇ ಕೇಳಿದಳು, "ಗ್ವಾಡಿಗೇನ್ ಚಳಿ ಹತ್ತತೈತೇನವಾ?"

ತಂಗಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತನ್ನ ಮದುವೆಯ ಹಸಿರು ಸೀರೆಯ ಹರಿದ ಅಂಚು ತಂದು ಅವ್ವನ ಮುಂದೆ ಹಾಕಿ, ಗೋಪುರದ ಸುತ್ತ ಇದನ್ನೇ ಹಚ್ಚಬೇಕೆಂದು ತಾಕೀತು ಮಾಡಿದಳು. ಕೌದಿಗೆ ಇನ್ನೂ ಎರಡು ಮೂಲೆ ಬಾಕಿ ಇವೆ.