ಐವರ ಕೂಟವೇ ತಂಡ: ಎಲ್‌ಸಿಕೆ ಲೀಗ್‌ನ ನಿದರ್ಶನದಲ್ಲಿ ಇ-ಸ್ಪೋರ್ಟ್ಸ್ ತಂಡಗಳ ಬಲಾಬಲ ವಿವೇಚನೆ

ಪೀಠಿಕೆ

ವೃತ್ತಿಪರ ಇ-ಸ್ಪೋರ್ಟ್ಸ್‌ನಲ್ಲಿ ಲೀಗ್ ನಡೆಯುತ್ತಿರುವಾಗಲೇ ತಂಡಗಳ ಬಲಾಬಲವನ್ನು ದಾಖಲಿಸುವ ಬರಹಗಳು ಹೇರಳವಾಗಿ ಬರುತ್ತವೆ. ಆಟಗಾರರ ಪಟ್ಟಿ, ಒಬ್ಬೊಬ್ಬರ ಅಂಕಿಅಂಶ, ಗೆಲುವು-ಸೋಲಿನ ಲೆಕ್ಕ, ಮುಂದಿನ ಪಂದ್ಯಗಳ ಅಂದಾಜು ಇವಿಷ್ಟು ಅವುಗಳ ಸಾಮಾನ್ಯ ಚೌಕಟ್ಟು. ಐವರ ಅಂಕಿಗಳನ್ನು ಕೂಡಿಸಿದರೆ ತಂಡದ ಶಕ್ತಿ ತಿಳಿಯುತ್ತದೆ ಎಂಬ ನಂಬಿಕೆ ಇದರ ತಳಹದಿ. ಆ ನಂಬಿಕೆ ನಿಲ್ಲುವಂಥದ್ದಲ್ಲ ಎಂಬುದು ಈ ಲೇಖನದ ವಾದ. ಯಾರು ಯಾರ ಜೊತೆಗೆ ಆಡಿದರು, ಆಟದ ಯಾವ ಆವೃತ್ತಿಯಲ್ಲಿ ಆಡಿದರು, ಯಾರ ಎದುರು ಆಡಿದರು ಎಂಬ ಮೂರು ಸಂಗತಿಗಳನ್ನು ಬಿಟ್ಟ ಅಂಕಿ ದಾರಿ ತಪ್ಪಿಸುತ್ತದೆ. ಇದನ್ನು ಪರಿಶೀಲಿಸಲು ದಕ್ಷಿಣ ಕೊರಿಯಾದ ‘ಲೀಗ್ ಆಫ್ ಲೆಜೆಂಡ್ಸ್’ ಲೀಗ್ ಆದ ಎಲ್‌ಸಿಕೆಯ 2021ರಿಂದ 2023ರವರೆಗಿನ ಅವಧಿಯನ್ನು, ಅದರಲ್ಲೂ ಟಿ1 ಮತ್ತು ಡಿಆರ್‌ಎಕ್ಸ್ ತಂಡಗಳನ್ನು ಇಲ್ಲಿ ಆರಿಸಿಕೊಂಡಿದೆ.

ಲೀಗ್‌ನ ರಚನೆ

2021ರಿಂದ ಎಲ್‌ಸಿಕೆಯಲ್ಲಿ ಹತ್ತು ಖಾಯಂ ತಂಡಗಳಿವೆ. ಅಧ್ಯಯನದ ಅವಧಿಯಲ್ಲಿ ವರ್ಷಕ್ಕೆ ಸ್ಪ್ರಿಂಗ್ ಮತ್ತು ಸಮ್ಮರ್ ಎಂಬ ಎರಡು ಹಂತಗಳಿದ್ದವು. ಪ್ರತಿ ಹಂತದಲ್ಲೂ ಒಂದು ತಂಡ ಉಳಿದ ಒಂಬತ್ತನ್ನು ಎರಡೆರಡು ಬಾರಿ ಎದುರಿಸಿ, ಒಟ್ಟು 18 ಪಂದ್ಯ ಆಡುತ್ತಿತ್ತು. ಕಣದಲ್ಲಿ ಐವರು: ಟಾಪ್, ಜಂಗಲ್, ಮಿಡ್, ಬಾಟ್, ಸಪೋರ್ಟ್. ಪ್ರತಿ ಆಟಕ್ಕೂ ಮುನ್ನ ಎರಡೂ ತಂಡಗಳು ಐದೈದು ಚಾಂಪಿಯನ್‌ಗಳನ್ನು (ಆಟಗಾರರು ನಡೆಸುವ ಪಾತ್ರಗಳನ್ನು) ನಿಷೇಧಿಸಿ, ಉಳಿದವುಗಳಲ್ಲಿ ತಮಗೆ ಬೇಕಾದ ಐದನ್ನು ಆರಿಸಿಕೊಳ್ಳುತ್ತವೆ. ಸುಮಾರು ಎರಡು ವಾರಕ್ಕೊಮ್ಮೆ ಬರುವ ಪ್ಯಾಚ್ ಎಂಬ ಪರಿಷ್ಕರಣೆಯಿಂದ ಆಟದ ನಿಯಮಗಳ ತೂಕವೇ ಬದಲಾಗುತ್ತದೆ. ಜನವರಿಯ ಆಟವನ್ನೂ ಆಗಸ್ಟ್‌ನ ಆಟವನ್ನೂ ಒಂದೇ ಹೆಸರಿನಿಂದ ಕರೆದರೂ ಅಳತೆಗೋಲು ಒಂದೇ ಆಗಿರುವುದಿಲ್ಲ.

ಪಾತ್ರ ಮತ್ತು ಅಂಕಿ

ಹೆಚ್ಚು ಬಳಕೆಯಲ್ಲಿರುವ ಅಳತೆ ಕೆಡಿಎ. ಎದುರಾಳಿಗಳನ್ನು ಕೆಡವಿದ್ದು ಮತ್ತು ಕೆಡವಲು ನೆರವಾದದ್ದು ಇವೆರಡರ ಮೊತ್ತವನ್ನು ತಾನು ಸತ್ತ ಸಲಗಳಿಂದ ಭಾಗಿಸಿದರೆ ಇದು ಸಿಗುತ್ತದೆ. ಹದಿನೈದನೇ ನಿಮಿಷದ ಚಿನ್ನದ ಅಂತರ, ನಿಮಿಷಕ್ಕೆ ಹೊಡೆದ ಮಿನಿಯನ್‌ಗಳು (ಚಿನ್ನ ತರುವ ಪುಟ್ಟ ಸೈನಿಕರು), ತಂಡದ ಒಟ್ಟು ಹಾನಿಯಲ್ಲಿ ಒಬ್ಬನ ಪಾಲು ಇವು ಉಳಿದ ಅಳತೆಗಳು. ಇವೆಲ್ಲ ಒಬ್ಬನ ಖಾತೆಗೆ ಬರೆದ ಲೆಕ್ಕಗಳು. ಆಟದ ನಡೆ ಮಾತ್ರ ಒಬ್ಬನ ಖಾತೆಯೊಳಗೆ ಮುಗಿಯುವುದಿಲ್ಲ.

ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಬಾಟ್ ಲೇನ್‌ನಲ್ಲಿ ಟಿ1ನ ಬಾಟ್ ಆಟಗಾರ ಗುಮಾಯುಸಿ ಮತ್ತು ಸಪೋರ್ಟ್ ಆಟಗಾರ ಕೇರಿಯಾ ಜೊತೆಯಾಗಿದ್ದಾರೆ. ಕೇರಿಯಾ ಲೇನ್ ಬಿಟ್ಟು, ನದಿಯ ಪೊದೆಯಲ್ಲಿ ಸುತ್ತಲಿನ ನೋಟ ಕೊಡುವ ಒಂದು ವಾರ್ಡ್ ನೆಟ್ಟು, ಮಿಡ್‌ನತ್ತ ನಡೆಯುತ್ತಾರೆ. ಒಂಟಿಯಾದ ಗುಮಾಯುಸಿ ಗೋಪುರದ ನೆರಳಿಗೆ ಹಿಂದೆ ಸರಿದು ಕೆಲವು ಮಿನಿಯನ್‌ಗಳನ್ನು ಕೈಬಿಡಬೇಕಾಗುತ್ತದೆ. ಕೇರಿಯಾ ಬಂದರೆಂಬ ಅಂಜಿಕೆಯಿಂದಲೇ ಎದುರಾಳಿ ಮಿಡ್ ಆಟಗಾರ ಹಿಂದಡಿಯಿಡುತ್ತಾನೆ. ಆ ಅವಕಾಶದಲ್ಲಿ ಟಿ1ನ ಮಿಡ್ ಆಟಗಾರ ಫೇಕರ್ ಒಂದು ಅಲೆ ಮಿನಿಯನ್‌ಗಳನ್ನು ನಿರಾತಂಕವಾಗಿ ಬಾಚಿಕೊಳ್ಳುತ್ತಾರೆ. ಮೇಲೆ ಹೇಳಿದ ಅಳತೆಗಳಲ್ಲಿ ಇದರ ಫಲ ಏನು? ಗುಮಾಯುಸಿಗೆ ನಷ್ಟ, ಫೇಕರ್‌ಗೆ ಲಾಭ, ಕೆಲಸ ಮಾಡಿದ ಕೇರಿಯಾಗೆ ಏನೂ ಇಲ್ಲ. ಮೂವರ ಸಾಲುಗಳನ್ನು ಬಿಡಿಬಿಡಿಯಾಗಿ ಓದಿದವರಿಗೆ ಮೂರೂ ತಪ್ಪಾಗಿಯೇ ಕಾಣುತ್ತವೆ.

ಚಾಂಪಿಯನ್ ಆಯ್ಕೆಯ ಘಟ್ಟದಲ್ಲೂ ಇದೇ ನಿಜ. ಸಾಮಾನ್ಯವಾಗಿ ಬಾಟ್ ಆಟಗಾರರ ಕೈಯಲ್ಲಿರುವ ಆಶ್, ಕೇಟ್ಲಿನ್ ಎಂಬ ಚಾಂಪಿಯನ್‌ಗಳನ್ನು 2023ರಲ್ಲಿ ಸಪೋರ್ಟ್ ಸ್ಥಾನದಲ್ಲಿ ಆಡಿ ತೋರಿಸಿದವರು ಕೇರಿಯಾ. ಇಂಥವರ ಎದುರು ಕುಳಿತ ತಂಡ ಒಂದೆರಡು ನಿಷೇಧಗಳನ್ನು ಅವರಿಗೇ ಖರ್ಚು ಮಾಡಿದರೆ, ಬಿಡುಗಡೆ ಸಿಗುವುದು ಉಳಿದ ನಾಲ್ವರಿಗೆ. ಆಡದೆ ಉಳಿದ ಚಾಂಪಿಯನ್ ಕೂಡ ತಂಡಕ್ಕೆ ದುಡಿದಿರುತ್ತದೆ.

ಯಕ್ಷಗಾನ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ರಾತ್ರಿ ಪದ ಹೇಳಿದ ಭಾಗವತರು ಯಾರು, ಮದ್ದಳೆಗೆ ಕುಳಿತವರು ಯಾರು ಎಂದು ಕೇಳದೆ ವೇಷಧಾರಿಯ ಕುಣಿತಕ್ಕೆ ಬೆಲೆ ಕಟ್ಟಲು ಅವರು ಮುಂದಾಗುವುದಿಲ್ಲ.

ಹತ್ತು ಜನರಿಂದ ಐವರಿಗೆ: ಟಿ1, 2021–2022

2021ರ ಸ್ಪ್ರಿಂಗ್‌ನಲ್ಲಿ ಟಿ1 ಬಳಿ ಹತ್ತು ಸಮರ್ಥ ಆಟಗಾರರಿದ್ದರು. ಹಿಂದಿನ ವರ್ಷ ಡ್ಯಾಮ್‌ವಾನ್ ತಂಡವನ್ನು ವಿಶ್ವ ಚಾಂಪಿಯನ್ ಮಾಡಿದ್ದ ತರಬೇತುದಾರರಾದ ಡೇನಿ ಮತ್ತು ಜೆಫಾ ಪಂದ್ಯದಿಂದ ಪಂದ್ಯಕ್ಕೆ ಐವರನ್ನು ಬದಲಿಸುತ್ತ ಹೋದರು. ಪ್ರತಿಭೆಗೆ ಕೊರತೆಯಿರಲಿಲ್ಲ, ಹೊಂದಾಣಿಕೆ ಬೇರೂರಲು ಬೇಕಾದ ಸಮಯ ಸಿಗಲಿಲ್ಲ. ಆ ಇಬ್ಬರೂ ಜುಲೈನಲ್ಲಿ ತಂಡ ಬಿಟ್ಟರು.

2022ಕ್ಕೆ ಜ್ಯೂಸ್, ಓನರ್, ಫೇಕರ್, ಗುಮಾಯುಸಿ, ಕೇರಿಯಾ ಎಂಬ ಐವರು ಖಾಯಂ ಆದರು. ಆ ಸ್ಪ್ರಿಂಗ್‌ನಲ್ಲಿ ಟಿ1 ಹದಿನೆಂಟಕ್ಕೆ ಹದಿನೆಂಟೂ ಪಂದ್ಯ ಗೆದ್ದಿತು; ಎಲ್‌ಸಿಕೆಯಲ್ಲಿ ಅದುವರೆಗೆ ಹೀಗಾಗಿರಲಿಲ್ಲ. ಫೈನಲ್‌ನಲ್ಲಿ ಜೆನ್‌ಜಿ ತಂಡವನ್ನು 3-1ರಿಂದ ಸೋಲಿಸಿತು. ಮೇ ತಿಂಗಳಲ್ಲಿ ಬಂದ 12.10 ಪ್ಯಾಚ್ ಎಲ್ಲ ಚಾಂಪಿಯನ್‌ಗಳ ಸಹನಶಕ್ತಿಯನ್ನು ಹೆಚ್ಚಿಸಿ, ಕ್ಷಣಾರ್ಧದಲ್ಲಿ ಮುಗಿಯುತ್ತಿದ್ದ ಕಾದಾಟಗಳನ್ನು ಉದ್ದವಾಗಿಸಿತು. ಸಮ್ಮರ್‌ನಲ್ಲಿ ಅದೇ ಐವರ ಗೆಲುವು-ಸೋಲಿನ ಲೆಕ್ಕ 15-3. ಜೆನ್‌ಜಿ 17-1ರೊಂದಿಗೆ ಅಗ್ರಸ್ಥಾನಕ್ಕೇರಿ, ಫೈನಲ್‌ನಲ್ಲಿ ಟಿ1 ತಂಡವನ್ನು 3-0ರಿಂದ ಮಣಿಸಿತು. ಈ ತಿರುವಿಗೆ ಪ್ಯಾಚ್ ಒಂದನ್ನೇ ಕಾರಣ ಮಾಡಲಾಗದು; ಜೆನ್‌ಜಿಯ ಐವರೂ ಆ ವರ್ಷವೇ ಜೊತೆಯಾದವರು, ದಿನ ಕಳೆದಂತೆ ಮಾಗಿದವರು. ಆದರೂ ಒಂದು ಮಾತು ಖಚಿತ: ಪಟ್ಟಿಯಲ್ಲಿ ಒಂದು ಹೆಸರೂ ಬದಲಾಗದೆ ತಂಡದ ಸ್ಥಾನಮಾನ ಬದಲಾಗಬಲ್ಲದು.

ಗೈರುಹಾಜರಿಯ ಸಾಕ್ಷ್ಯ: 2023ರ ಸಮ್ಮರ್

2023ರ ಜುಲೈನಲ್ಲಿ ಕೈನೋವಿನಿಂದ ಫೇಕರ್ ವಿಶ್ರಾಂತಿ ಪಡೆದರು. ಆಗ ಟಿ1 ಲೆಕ್ಕ 6-2. ಅವರ ಜಾಗದಲ್ಲಿ ಟಿ1ನ ಕಿರಿಯರ ಬಳಗದಿಂದ ಬಂದ, ಇನ್ನೂ ಹದಿಹರೆಯದ ಪೋಬಿ ಆಡಿದ ಎಂಟು ಪಂದ್ಯಗಳಲ್ಲಿ ತಂಡ ಗೆದ್ದದ್ದು ಒಂದೇ. ಆಗಸ್ಟ್‌ನಲ್ಲಿ ಫೇಕರ್ ಮರಳಿದ ಮೇಲೆ ಉಳಿದೆರಡನ್ನೂ ಗೆದ್ದು 9-9ಕ್ಕೆ ಬಂತು.

ಇದನ್ನು ಫೇಕರ್ ಒಬ್ಬರ ಬೆಲೆ ಎಂದು ಓದುವುದು ಸುಲಭ, ಮತ್ತು ಅರ್ಧ ಮಾತ್ರ ಸರಿ. ಎಂಟು ಪಂದ್ಯ ಚಿಕ್ಕ ಮಾದರಿ. ಅದೇ ಅವಧಿಯಲ್ಲಿ ಮುಖ್ಯ ತರಬೇತುದಾರ ಬೆಂಗಿ ಹುದ್ದೆ ತೊರೆದು, ಹೊಣೆ ತರಬೇತುದಾರ ಟಾಮ್ ಹೆಗಲಿಗೆ ಬಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಯಾವಾಗ ಮುನ್ನುಗ್ಗಬೇಕು, ಯಾವಾಗ ಹಿಂದೆ ಸರಿಯಬೇಕು ಎಂದು ಕರೆ ಕೊಡುವ ಅನುಭವಿಯ ದನಿ ಇಲ್ಲವಾದಾಗ ಉಳಿದ ನಾಲ್ವರ ಆಟವೂ ಕುಗ್ಗಿತು. ಅಂದಮೇಲೆ ಆ 1-7 ಪೋಬಿಯ ಅಂಕಿಯಲ್ಲ. ಒಂದೂವರೆ ವರ್ಷ ಜೊತೆಯಲ್ಲಿ ಪಳಗಿದ ಕೂಟವೊಂದು ಋತುವಿನ ನಡುವೆ ಮುರಿದದ್ದರ ಅಂಕಿ. ಅದನ್ನು ಒಬ್ಬ ಹುಡುಗನ ಹೆಸರಿಗೆ ಬರೆದಿಡುವುದು ವಿಧಾನದ ದೋಷ ಮಾತ್ರವಲ್ಲ, ಅನ್ಯಾಯವೂ ಹೌದು. ಒಪ್ಪಂದಗಳು ಮುಗಿಯುವ ನವೆಂಬರ್‌ನಲ್ಲಿ ಕ್ಲಬ್‌ಗಳ ಮೇಜಿನ ಮೇಲಿರುವುದು ಇಂಥ ಲೆಕ್ಕಗಳೇ. ಐವರೂ ಮತ್ತೆ ಒಟ್ಟಾದ ಟಿ1 ಅದೇ ನವೆಂಬರ್‌ನಲ್ಲಿ ಸಿಯೋಲ್‌ನ ಗೊಚೋಕ್ ಸ್ಕೈ ಡೋಮ್‌ನಲ್ಲಿ ವೈಬೋ ಗೇಮಿಂಗ್ ತಂಡವನ್ನು 3-0ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆಯಿತು.

ಲೀಗ್ ಪಟ್ಟಿ ಕಾಣದ್ದು: ಡಿಆರ್‌ಎಕ್ಸ್, 2022

2022ರ ಸಮ್ಮರ್‌ನಲ್ಲಿ ಡಿಆರ್‌ಎಕ್ಸ್ 9-9ರೊಂದಿಗೆ ಆರನೆಯ ಸ್ಥಾನದಲ್ಲಿತ್ತು. ಅರ್ಹತಾ ಸುತ್ತಿನಲ್ಲಿ ಎರಡು ಸರಣಿಗಳನ್ನು 3-2ರಿಂದ ಗೆದ್ದು ಕೊರಿಯಾದ ನಾಲ್ಕನೆಯ ತಂಡವಾಗಿ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಯಿತು. ಪ್ಲೇ-ಇನ್ ಎಂಬ ಆರಂಭಿಕ ಸುತ್ತಿನಿಂದ ಹೊರಟು, ಹಾಲಿ ಚಾಂಪಿಯನ್ ತಂಡವಾದ ಇಡಿಜಿ ಎದುರು 0-2 ಹಿಂದಿದ್ದೂ ಗೆದ್ದು, ಜೆನ್‌ಜಿಯನ್ನು 3-1ರಿಂದ ದಾಟಿ, ನವೆಂಬರ್ 5ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಟಿ1 ಎದುರು 3-2ರಿಂದ ಪ್ರಶಸ್ತಿ ಪಡೆಯಿತು. ಪ್ಲೇ-ಇನ್‌ನಿಂದ ಬಂದ ತಂಡ ವಿಶ್ವ ಚಾಂಪಿಯನ್ ಆದದ್ದು ಅದೇ ಮೊದಲು. ಲೀಗ್‌ನ ಸರಾಸರಿ ಅಂಕಿಗಳು ಈ ಬೆಳವಣಿಗೆಯನ್ನು ಹಿಡಿಯಲಾರವು. ಸರಾಸರಿ ಎಂಬುದು ಜೂನ್‌ನ ತಂಡವನ್ನೂ ಅಕ್ಟೋಬರ್‌ನ ತಂಡವನ್ನೂ ಒಂದೇ ಎಂದು ಎಣಿಸುತ್ತದೆ.

ಗೆದ್ದ ಕೆಲವೇ ವಾರಗಳಲ್ಲಿ ತಂಡದ ಮುಖ್ಯ ಐವರಲ್ಲಿ ಕಿಂಗೆನ್, ಪ್ಯೋಸಿಕ್, ಜೆಕಾ, ಡೆಫ್ಟ್ ನಾಲ್ವರೂ ಬೇರೆ ತಂಡಗಳಿಗೆ ಹೋದರು. ಉಳಿದವರು ಬೆರಿಲ್ ಒಬ್ಬರೇ. ಹೆಸರು, ಲಾಂಛನ ಅವೇ ಇದ್ದರೂ 2023ರ ಡಿಆರ್‌ಎಕ್ಸ್ ಬಗ್ಗೆ 2022ರ ಅಂಕಿಗಳು ಹೇಳುವುದು ಬಹುತೇಕ ಶೂನ್ಯ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸೂಚನೆಗಳು ಹೊರಡುತ್ತವೆ. ಮೊದಲನೆಯದು, ಅಂಕಿಯನ್ನು ಆಟಗಾರನಿಗಲ್ಲದೆ ಕಣಕ್ಕಿಳಿದ ಐವರ ಕೂಟಕ್ಕೆ ಲಗತ್ತಿಸಿ, ಆ ಕೂಟ ಎಷ್ಟು ಕಾಲ ಜೊತೆಗಿದೆ ಎಂಬುದನ್ನು ಬರೆಯಬೇಕು. ಎರಡನೆಯದು, ಪ್ರತಿ ಅಂಕಿಗೂ ಪ್ಯಾಚ್ ಮತ್ತು ದಿನಾಂಕ ಇರಬೇಕು. ಮೂರನೆಯದು, ಎದುರಾಳಿಯ ಬಲವನ್ನು ಲೆಕ್ಕಕ್ಕೆ ತರಬೇಕು. 2025ರಿಂದ ಎಲ್‌ಸಿಕೆ ಎರಡು ಸುತ್ತಿನ ನಂತರ ತಂಡಗಳನ್ನು ಮೇಲಿನ ಐದು, ಕೆಳಗಿನ ಐದು ಎಂದು ಬೇರ್ಪಡಿಸುತ್ತಿರುವುದರಿಂದ ಒಂದೇ ಸಂಖ್ಯೆಯ ಗೆಲುವುಗಳಿಗೆ ಎರಡು ಗುಂಪುಗಳಲ್ಲಿ ಎರಡು ಬೆಲೆ. ಸರಣಿಯೊಂದರಲ್ಲಿ ಒಮ್ಮೆ ಆಡಿದ ಚಾಂಪಿಯನ್ ಮತ್ತೆ ಸಿಗದಂಥ ನಿಯಮವೂ ಅದೇ ವರ್ಷ ಬಂದಿದೆ. ಆಟಗಾರನ ಚಾಂಪಿಯನ್ ಬತ್ತಳಿಕೆ ಎಷ್ಟು ದೊಡ್ಡದೆಂಬುದು ಈಗ ತಂಡದ ಬಲದ ಮುಖ್ಯ ಅಂಗ.

ಹೀಗೆ ಬರೆದ ದಾಖಲೆ ಉದ್ದವಾಗುತ್ತದೆ, ಶ್ರಮ ಬೇಡುತ್ತದೆ, ಮುಂದಿನ ಫಲಿತಾಂಶವನ್ನು ಧೈರ್ಯವಾಗಿ ನುಡಿಯಲು ಹಿಂಜರಿಯುತ್ತದೆ. ಆದರೆ ವಾರ್ಡ್ ನೆಡಲು ಲೇನ್ ಬಿಟ್ಟವನ ದುಡಿಮೆ ದಾಖಲಾಗುವುದು, ಮುರಿದ ಕೂಟದ ಸೋಲನ್ನು ಹೊಸಬನ ತಲೆಗೆ ಕಟ್ಟದಿರುವುದು ಅದರಲ್ಲಿ ಮಾತ್ರ. ಇ-ಸ್ಪೋರ್ಟ್ಸ್ ಅಧ್ಯಯನ ಒಂದು ಶಿಸ್ತಾಗಿ ನಿಲ್ಲಬೇಕಾದರೆ ಈ ಶ್ರಮವನ್ನು ಅದು ವಹಿಸಿಕೊಳ್ಳಲೇಬೇಕು.