ಬಾಸೆಲ್ ಕಾಗದ ಗಿರಣಿ ವಸ್ತುಸಂಗ್ರಹಾಲಯ

ಬಾಸೆಲ್ ಕಾಗದ ಗಿರಣಿಯು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ರೈನ್ ನದಿಯ ದಂಡೆಗೆ ಹೊಂದಿಕೊಂಡ ಸಂತ ಆಲ್ಬನ್ ಕಣಿವೆಯಲ್ಲಿದೆ. ಮಧ್ಯಯುಗದ ಈ ಗಿರಣಿಯು 1980ರಿಂದ ಕಾಗದ, ಬರವಣಿಗೆ ಮತ್ತು ಮುದ್ರಣಕಲೆಗಳ ವಸ್ತುಸಂಗ್ರಹಾಲಯವಾಗಿದೆ. ಜರ್ಮನ್ ಭಾಷೆಯಲ್ಲಿ ಇದರ ಹೆಸರು ಬಾಸ್ಲರ್ ಪಾಪಿಯರ್‌ಮ್ಯೂಲೆ. ಹಳೆಯ ಉಪಕರಣಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವುದಷ್ಟೇ ಇಲ್ಲಿನ ಪದ್ಧತಿಯಲ್ಲ. ನೀರಿನ ಚಕ್ರ ತಿರುಗುತ್ತದೆ, ಒನಕೆಗಳು ಕುಟ್ಟುತ್ತವೆ, ಕುಶಲಕರ್ಮಿಗಳು ಕಾಗದವನ್ನು ಎತ್ತುತ್ತಾರೆ. ಭೇಟಿ ನೀಡಿದವರು ತಮ್ಮ ಕೈಯಿಂದಲೇ ಒಂದು ಹಾಳೆಯನ್ನು ಮಾಡಿ ಮನೆಗೆ ಒಯ್ಯಬಹುದು.

ಇತಿಹಾಸ

ಗಿರಣಿಯ ಕಥೆ ಕಾಗದಕ್ಕಿಂತ ಮೊದಲು ನೀರಿನಿಂದ ಆರಂಭವಾಗುತ್ತದೆ. 1083ರಲ್ಲಿ ಸ್ಥಾಪಿತವಾದ ಸಂತ ಆಲ್ಬನ್ ಕ್ರೈಸ್ತ ಮಠದ ಸನ್ಯಾಸಿಗಳು 12ನೆಯ ಶತಮಾನದಲ್ಲಿ ಬಿರ್ಸ್ ಎಂಬ ಉಪನದಿಯಿಂದ ಕಾಲುವೆ ತೋಡಿಸಿ ತಮ್ಮ ಜಮೀನಿಗೆ ನೀರು ತಂದರು. ಆ ಕಾಲುವೆಯ ಮೇಲೆ ಹಿಟ್ಟಿನ ಗಿರಣಿಗಳು ಎದ್ದವು. ಇಂದಿಗೂ ಚಕ್ರವನ್ನು ತಿರುಗಿಸುತ್ತಿರುವುದು ಅದೇ ಕಾಲುವೆ.

1431ರಿಂದ 1449ರವರೆಗೆ ಬಾಸೆಲ್‌ನಲ್ಲಿ ಕ್ರೈಸ್ತ ಧರ್ಮಗುರುಗಳ ಮಹಾಸಭೆ ನಡೆಯಿತು. ನಡಾವಳಿ, ಪತ್ರ, ನಕಲುಪ್ರತಿಗಳಿಗೆ ಕಾಗದ ಅಪಾರವಾಗಿ ಬೇಕಾಯಿತು. ಹೈನ್ರಿಖ್ ಹಾಲ್ಬಿಸೆನ್ ಎಂಬ ವ್ಯಾಪಾರಿ ಈ ಅವಕಾಶವನ್ನು ಕಂಡು 1433ರಲ್ಲಿ ನಗರದ ಮೊದಲ ಕಾಗದ ಗಿರಣಿಯನ್ನು ತೆರೆದನು. 1453ರಲ್ಲಿ ಇಟಲಿಯ ಪಿಯೆಡ್‌ಮಾಂಟ್ ಪ್ರಾಂತದಿಂದ ಬಂದ ಆಂಟನ್ ಗ್ಯಾಲಿಸಿಯನ್ ಸಂತ ಆಲ್ಬನ್ ಕಣಿವೆಯ ಹಿಟ್ಟಿನ ಗಿರಣಿಯೊಂದನ್ನು ಕಾಗದ ಗಿರಣಿಯಾಗಿ ಮಾರ್ಪಡಿಸಿದನು. ಈಗಿನ ವಸ್ತುಸಂಗ್ರಹಾಲಯದ ಮುಖ್ಯ ಕಟ್ಟಡ ಅದೇ.

ಮುಂದಿನ ದಶಕಗಳಲ್ಲಿ ಮುದ್ರಣಕಲೆ ಬಾಸೆಲ್‌ಗೆ ಬಂದಾಗ ಕಾಗದ ಅಲ್ಲಿ ಸಿದ್ಧವಾಗಿತ್ತು. ಯೋಹಾನ್ ಆಮರ್‌ಬಾಖ್, ಯೋಹಾನ್ ಫ್ರೋಬೆನ್ ಮೊದಲಾದ ಮುದ್ರಕರು ನಗರಕ್ಕೆ ಹೆಸರು ತಂದರು. ಎರಾಸ್ಮಸ್ ಸಂಪಾದಿಸಿದ ಗ್ರೀಕ್ ಹೊಸ ಒಡಂಬಡಿಕೆ 1516ರಲ್ಲಿಯೂ ವೆಸಾಲಿಯಸ್‌ನ ಅಂಗರಚನಾಶಾಸ್ತ್ರದ ಮಹಾಗ್ರಂಥ 1543ರಲ್ಲಿಯೂ ಇಲ್ಲಿ ಅಚ್ಚಾದವು. ವಿದ್ವಾಂಸರ ಹೆಸರುಗಳು ಎಲ್ಲ ಚರಿತ್ರೆಗಳಲ್ಲೂ ದೊರೆಯುತ್ತವೆ. ಚಿಂದಿ ಆಯ್ದ ಹೆಂಗಸರ ಹೆಸರುಗಳು ಎಲ್ಲಿಯೂ ದೊರೆಯುವುದಿಲ್ಲ.

1799ರಲ್ಲಿ ಫ್ರಾನ್ಸಿನ ಲೂಯಿ ನಿಕೊಲಾ ರೊಬೆರ್ ಕಾಗದ ಯಂತ್ರಕ್ಕೆ ಹಕ್ಕುಸ್ವಾಮ್ಯ ಪಡೆದ ನಂತರ ಕೈಕಾಗದದ ಕಾಲ ಮುಗಿಯತೊಡಗಿತು. 19ನೆಯ ಶತಮಾನದಲ್ಲಿ ಈ ಗಿರಣಿಯೂ ಕಾಗದ ಬಿಟ್ಟು ತಂಬಾಕಿನ ಕಾರ್ಖಾನೆಯಾಯಿತು. ಶಿಥಿಲವಾಗಿದ್ದ ಕಣಿವೆಯ ಹಳೆಯ ಕಟ್ಟಡಗಳನ್ನು 20ನೆಯ ಶತಮಾನದ ಉತ್ತರಾರ್ಧದಲ್ಲಿ ಕ್ರಿಸ್ಟೋಫ್ ಮೆರಿಯನ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರ ಮಾಡಲಾಯಿತು. ವಸ್ತುಸಂಗ್ರಹಾಲಯವು ಮತ್ತೊಂದು ನವೀಕರಣದ ಬಳಿಕ 2011ರಲ್ಲಿ ಪುನಃ ತೆರೆಯಿತು.

ಕಾಗದ ತಯಾರಿಕೆಯ ಕ್ರಮ

ಹಳೆಯ ಯುರೋಪಿನ ಕಾಗದಕ್ಕೆ ಮರ ಬೇಕಾಗಿರಲಿಲ್ಲ. ಬೇಕಾದದ್ದು ಅಗಸೆನಾರಿನ ಮತ್ತು ಸೆಣಬಿನ ಹಳೆಯ ಬಟ್ಟೆ. ಚಿಂದಿಯನ್ನು ಆಯ್ದು, ಗುಂಡಿ, ಹೊಲಿಗೆಗಳನ್ನು ಬಿಡಿಸಿ, ಚಿಕ್ಕದಾಗಿ ಕತ್ತರಿಸಿ, ನೆನೆಹಾಕಿ ಕೊಳೆಯಲು ಬಿಡುತ್ತಿದ್ದರು. ಕೊಳೆತ ಬಟ್ಟೆಯನ್ನು ನೀರಿನ ಚಕ್ರದಿಂದ ಏಳುತ್ತ ಬೀಳುತ್ತ ಇರುವ ಮರದ ಒನಕೆಗಳು ಒರಳುಗಳಲ್ಲಿ ಕುಟ್ಟುತ್ತಿದ್ದವು. ಅವಲಕ್ಕಿ ಕುಟ್ಟುವುದನ್ನು ಕಂಡವರಿಗೆ ಈ ಯಂತ್ರ ಅಪರಿಚಿತವೆನಿಸದು. ಬಟ್ಟೆಯ ಎಳೆ ನಾರುನಾರಾಗಿ ಬಿಡಿಸಿಕೊಂಡು ಗಂಜಿಯಂತಾಗುವವರೆಗೆ ಗಂಟೆಗಟ್ಟಲೆ ಕುಟ್ಟಬೇಕು.

ಈ ಗಂಜಿಯನ್ನು ತೊಟ್ಟಿಯ ಬೆಚ್ಚಗಿನ ನೀರಿನಲ್ಲಿ ಕಲಸುತ್ತಾರೆ. ತಂತಿಜಾಲರಿಯ ಅಚ್ಚನ್ನು ಕುಶಲಕರ್ಮಿ ಓರೆಯಾಗಿ ಅದ್ದಿ, ಸಮವಾಗಿ ಮೇಲೆತ್ತಿ, ಮುಂದಕ್ಕೂ ಪಕ್ಕಕ್ಕೂ ಒಮ್ಮೆ ಅಲುಗಾಡಿಸುತ್ತಾನೆ. ನೀರು ಸೋರಿಹೋಗುವ ಕೆಲವೇ ಕ್ಷಣಗಳಲ್ಲಿ ನಾರುಗಳು ಅಡ್ಡಡ್ಡಲಾಗಿ ಹೆಣೆದುಕೊಳ್ಳಬೇಕು. ತಡವಾದರೆ ಹಾಳೆ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು. ಎರಡನೆಯ ಕೆಲಸಗಾರ ಹಸಿ ಹಾಳೆಯನ್ನು ಉಣ್ಣೆಯ ಕಂಬಳಿತುಂಡಿನ ಮೇಲೆ ಒತ್ತಿ ಇಳಿಸುತ್ತಾನೆ. ಜರ್ಮನ್ ಭಾಷೆಯ ಗಿರಣಿಗಳಲ್ಲಿ 181 ಹಾಳೆಗಳ ರಾಶಿಗೆ ಬೌಷ್ಟ್ ಎಂದು ಹೆಸರು. ಅದನ್ನು ದೊಡ್ಡ ತಿರುಪಿನ ಒತ್ತುಯಂತ್ರದಲ್ಲಿ ಹಿಂಡಿ, ಹಾಳೆ ಬೇರ್ಪಡಿಸಿ, ಅಟ್ಟದಲ್ಲಿ ಒಣಹಾಕುತ್ತಿದ್ದರು. ಒಣಗಿದ ಹಾಳೆಗೆ ಚರ್ಮ, ಗೊರಸುಗಳನ್ನು ಬೇಯಿಸಿದ ಅಂಟಿನ ಲೇಪ ಕೊಡದಿದ್ದರೆ ಶಾಯಿ ಹರಡಿಹೋಗುತ್ತದೆ.

ಜಾಲರಿಗೆ ತಂತಿಯಿಂದ ಹೊಲಿದ ಚಿತ್ರವು ಹಾಳೆಯಲ್ಲಿ ನೀರುಗುರುತಾಗಿ ಉಳಿಯುತ್ತದೆ. ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಈ ಗುರುತು ಇಟಲಿಯಲ್ಲಿ 13ನೆಯ ಶತಮಾನದ ಕೊನೆಗೆ ಹುಟ್ಟಿತು. ಬಾಸೆಲ್‌ನ ಕಾಗದಗಳಲ್ಲಿ ನಗರದ ಲಾಂಛನವಾದ ಬಿಷಪರ ದಂಡ ಪ್ರಸಿದ್ಧ. ದಿನಾಂಕವಿಲ್ಲದ ಹಸ್ತಪ್ರತಿಯ ಕಾಲವನ್ನು ನಿರ್ಧರಿಸಲು ಇತಿಹಾಸಕಾರರು ಇಂತಹ ಗುರುತುಗಳನ್ನೇ ಆಶ್ರಯಿಸುತ್ತಾರೆ.

ವಸ್ತುಸಂಗ್ರಹಾಲಯದ ಭೇಟಿ

ಸಂದರ್ಶಕರು ಕೆಳಗಿನ ಅಂತಸ್ತಿನ ತೊಟ್ಟಿಯಿಂದ ಆರಂಭಿಸಿ ಮೇಲಕ್ಕೆ ಏರುತ್ತಾರೆ. ಬರವಣಿಗೆಯ ಚರಿತ್ರೆ, ಸೀಸದ ಅಚ್ಚುಮೊಳೆ ಎರಕ, ಮೊಳೆ ಜೋಡಣೆ, ಕೈಮುದ್ರಣ, ಪುಸ್ತಕದ ರಟ್ಟು ಕಟ್ಟುವಿಕೆ ಇವೆಲ್ಲ ಒಂದೇ ಸೂರಿನಡಿ ಸಿಗುವುದು ಇದರ ವಿಶೇಷ. ಶಾಲಾಮಕ್ಕಳ ತಂಡಗಳು ತೊಟ್ಟಿಯ ಬಳಿಯೇ ಹೆಚ್ಚು ಹೊತ್ತು ನಿಲ್ಲುವುದು ಸಹಜ. ಹತ್ತಿರದಲ್ಲೇ ನಗರದ ಹಳೆಯ ಕೋಟೆಗೋಡೆಯ ಭಾಗವೂ, ಹಿಂದೆ ಕಾಗದ ಕಾರ್ಖಾನೆಯಾಗಿದ್ದ ಕಟ್ಟಡದಲ್ಲಿ ನೆಲೆಸಿದ ಸಮಕಾಲೀನ ಕಲೆಯ ವಸ್ತುಸಂಗ್ರಹಾಲಯವೂ ಇವೆ. ನದಿಯ ಆಚೆ ದಡದಿಂದ ಬರುವವರಿಗೆ ಎಂಜಿನ್ ಇಲ್ಲದೆ, ಉಕ್ಕಿನ ಹಗ್ಗ ಹಿಡಿದು ಪ್ರವಾಹದ ಬಲದಿಂದಲೇ ದಾಟುವ ದೋಣಿಯುಂಟು.

ಕಾರ್ಯನಿರತ ವಸ್ತುಸಂಗ್ರಹಾಲಯದ ಕಷ್ಟವೂ ಇಲ್ಲೇ ಇದೆ. ಒನಕೆ ಸವೆಯುತ್ತದೆ, ಮರ ಕೊಳೆಯುತ್ತದೆ, ಜಾಲರಿ ಹರಿಯುತ್ತದೆ. ದುರಸ್ತಿ ಮಾಡಿದಷ್ಟೂ ಮೂಲವಸ್ತು ಕಡಿಮೆಯಾಗುತ್ತದೆ. ಮಾಡದಿದ್ದರೆ ಕೆಲಸ ನಿಲ್ಲುತ್ತದೆ. ಅಚ್ಚನ್ನು ಅಲುಗಾಡಿಸುವ ಕೈಹದವನ್ನು ಪುಸ್ತಕದಲ್ಲಿ ಬರೆದಿಡಲಾಗದು. ಕಲಿತವರ ಬಳಿ ನಿಂತು ಕಲಿಯಬೇಕು.

ಕರ್ನಾಟಕದೊಡನೆ ಸಂಬಂಧ

ಕನ್ನಡಿಗರಿಗೆ ಬಾಸೆಲ್ ಎಂಬ ಹೆಸರು ಹೊಸದಲ್ಲ. 1815ರಲ್ಲಿ ಆ ನಗರದಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು 1841ರಲ್ಲಿ ಅಲ್ಲಿ ಮುದ್ರಣಾಲಯ ತೆರೆಯಿತು. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಮರುವರ್ಷ ಅದು ರಾಯಚೂರಿನ ನೆರೆಯ ಬಳ್ಳಾರಿಗೆ ಸ್ಥಳಾಂತರಗೊಂಡಿತು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಹೊರಬಂದಿತು.

ಮರದ ತಿರುಳು ಮತ್ತು ಪಟಿಕದ ಲೇಪ ಬಳಕೆಗೆ ಬಂದ ಮೇಲಿನ ಕಾಗದದಲ್ಲಿ ಆಮ್ಲ ಉಳಿದು, ಹಾಳೆ ಕಂದಾಗಿ ಪುಡಿಯಾಗುತ್ತದೆ. ಹೀಗಾಗಿ 500 ವರ್ಷ ಹಿಂದಿನ ಚಿಂದಿಕಾಗದದ ಗ್ರಂಥ ಗಟ್ಟಿಯಾಗಿರುವಾಗ, ನೂರು ವರ್ಷದ ಈಚಿನ ಎಷ್ಟೋ ಕನ್ನಡ ಪುಸ್ತಕಗಳು ಮುಟ್ಟಿದರೆ ಮುರಿಯುವ ಸ್ಥಿತಿಯಲ್ಲಿವೆ. ಅವುಗಳ ರಕ್ಷಣೆಗೆ ಹಳೆಯ ಕಾಗದದ ಜ್ಞಾನ ಅಗತ್ಯ.

ಕನ್ನಡ ನಾಡಿನಲ್ಲಿ ತಾಳೆಗರಿಯ ಜೊತೆಗೆ, ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದ ಬಟ್ಟೆಯ ಕಡತಗಳೂ ಬಳಕೆಯಲ್ಲಿದ್ದವು. 1956ರವರೆಗೆ ರಾಯಚೂರು ಯಾವ ಹೈದರಾಬಾದ್ ರಾಜ್ಯದಲ್ಲಿತ್ತೋ, ಅದೇ ರಾಜ್ಯದ ದೌಲತಾಬಾದ್ ಬಳಿಯ ಕಾಗಜಿಪುರ ಕೈಕಾಗದಕ್ಕೆ ಹೆಸರಾದ ಊರು. ಯಂತ್ರಕಾಗದದ ಕಡೆಗೆ ನೋಡಿದರೆ, 1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆ ನಾಡಿನ ಪತ್ರಿಕೆ, ಪಠ್ಯಪುಸ್ತಕಗಳಿಗೆ ದಶಕಗಳ ಕಾಲ ಕಾಗದ ಒದಗಿಸಿತು. ಅಲ್ಲಿನ ಉತ್ಪಾದನೆ 2015ರಲ್ಲಿ ಸ್ಥಗಿತಗೊಂಡಿತು.