ಹಾಲಿನ ಲೆಕ್ಕದ ಪುಸ್ತಕ

ಕೆಜಿಎಫ್ ಚರಿತ್ರೆ ಅಂದ್ರೆ ಎಲ್ರೂ ಚಿನ್ನದ ಮಾತೇ ಆಡ್ತಾರೆ. ನನ್ನ ಹತ್ರ ಇರೋದು ಹಾಲಿನ ಲೆಕ್ಕ ಕಣ್ರಮ್ಮ.

ಮದುವೆಯಾಗಿ ಕಾಮಸಮುದ್ರಕ್ಕೆ ಬಂದಾಗ ಮನೇಲಿ ಆರು ಹಸು. ನಮ್ಮ ಯಜಮಾನ್ರು ಬೆಳಗಿನ ರೈಲಿಗೆ ಕ್ಯಾನು ಹೊತ್ಕೊಂಡು ಬಂಗಾರಪೇಟೆಗೆ ಹೋಗಿ, ಗಣಿಗೋಸ್ಕರ 1894ರಲ್ಲಿ ಹಾಕಿದ ಮಾರಿಕುಪ್ಪಂ ಲೈನಿನ ಗಾಡಿ ಹತ್ತಿ, ಚಾಂಪಿಯನ್ ರೀಫಿನ ಲೈನ್ ಮನೆಗಳಿಗೆ ಹಾಲು ಹಾಕ್ತಿದ್ರು. ಪಿಯುಸಿ ಓದಿದ ಸೊಸೆ ಅಂತ ಲೆಕ್ಕ ನನ್ನ ಪಾಲಿಗೆ ಬಂತು. ಸಂಬಳದ ದಿನ ಬಾಕಿ ತಪ್ಪದೆ ಬರೋದು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಹನ್ನೊಂದು ಮನೆ ಬಾಕಿ ಹಂಗೇ ಉಳೀತು. ಮಗನ ಸ್ಕೂಲ್ ಫೀಸು ಕಟ್ಟಬೇಕಿತ್ತು, ನನಗೆ ಸಿಟ್ಟು. "ಹೋಗಿ ಕೇಳ್ಕೊಂಡು ಬನ್ನಿ" ಅಂತ ಯಜಮಾನ್ರಿಗೆ ಅಂದೆ. ಅತ್ತೆ ಕೇಳಿಸ್ಕೊಂಡು, "ಮಕ್ಕಳಿರೋ ಮನೆಗೆ ಇನ್ನೊಂದು ತಿಂಗಳು ಹಾಲು ಹಾಕ್ಲಿ. ನೀನು ಬರೀಬೇಡ" ಅಂದ್ರು. ಎದುರು ಮಾತಾಡ್ಲಿಲ್ಲ. ಆದ್ರೂ ಕದ್ದು ಬರೆದಿಟ್ಟೆ.

ಮೊನ್ನೆ ಅಟ್ಟ ಗುಡಿಸುವಾಗ ಆ ಪುಸ್ತಕ ಸಿಕ್ತು. ಆ ಲೈನ್ ಮನೆ ಮಕ್ಕಳೆಲ್ಲ ಈಗ ನಿಲ್ಲೋಕೂ ಜಾಗ ಇಲ್ಲದ ರೈಲಲ್ಲಿ ದಿನಾ ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ. ಅತ್ತೆ ಇಲ್ಲ. ಆ ಪುಟ ಹರಿಯೋಕೆ ಕೈ ಬರಲಿಲ್ಲ. ನನ್ನ ಸಣ್ಣಬುದ್ಧಿ, ಅವರ ದೊಡ್ಡಗುಣ, ಎರಡೂ ಅದರಲ್ಲೇ ಅವೆ.

ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇರ್ಬೇಕು, ನೋಡ್ರಮ್ಮ.